ಮಾವನ ಕಾಯಿ ಹೊಡೆಯುವಂತಿಲ್ಲ

ಏಪ್ರಿಲ್ 3, 2011, ಭಾನುವಾರ

ನಿನ್ನೆ ಭಾರತ ವಿಶ್ವಕಪ್ ಗೆದ್ದಿತಂತೆ. 'ಅಂತೆ' ಎಂದು ಬರೆಯಬೇಕಾಗಿ ಬಂದದ್ದು ನನ್ನ ಹಣೆಬರಹ. ಎದೆಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಕ್ರಿಕೆಟ್ ಬೇಡ, ಟೀವಿ ನ್ಯೂಸ್ ಬೇಡ, ಸ್ಕೂಟರ್ ಬೇಡ, ಉಪ್ಪಿನಕಾಯಿ ಬೇಡ ಅಂದರು. ಆಮೇಲೆ ನನ್ನ ಮಗ ಮನುವನ್ನು ಪಕ್ಕಕ್ಕೆ ಕರೆದು, "ಅವರಿಗೆ ಯಾವ ಟೆನ್ಷನ್ನೂ ಕೊಡಬೇಡಿ, ಎದುರು ಮಾತಾಡಬೇಡಿ" ಅಂದರು. ಪಕ್ಕಕ್ಕೆ ಅಂದರೆ ನನ್ನ ಮಂಚದ ಆ ಕಡೆಗೆ. ತೊಂದರೆಯಾಗಿದ್ದು ನನ್ನ ಹೃದಯಕ್ಕೆ, ಕಿವಿಗಲ್ಲ.

ಹಾಗಾಗಿ ಫೈನಲ್ ಪಂದ್ಯವನ್ನು ನಾನು ಕಿಟಕಿಯಿಂದಲೇ ಕೇಳಿದೆ. ತುಮಕೂರು ರಸ್ತೆಯ ಲಾರಿಗಳು ಒಟ್ಟಿಗೆ ಹಾರ್ನ್ ಹೊಡೆದವು, ನಮ್ಮೂರು ಮಾಕಳಿಯ ಅಷ್ಟೂ ಹುಡುಗರು ಪಟಾಕಿ ಹಚ್ಚಿದರು. ಗೆದ್ದೆವು ಎಂದು ತಿಳಿಯಿತು.

ಈ ಡೈರಿ ಸಿದ್ದರಾಮಪ್ಪ ತಂದುಕೊಟ್ಟದ್ದು. ಜಾಲಹಳ್ಳಿ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು. "ಮನಸ್ಸಲ್ಲಿರೋದೆಲ್ಲ ಬರ್ದಾಕ್ಬಿಡು ಲಕ್ಷ್ಮಯ್ಯ, ಎದೆ ಅಗುರ ಆಯ್ತದೆ" ಅಂದ. ಬರೆಯುತ್ತೇನೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ನಾನು ಇದ್ದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಬಂದ ಮಾಲನ್ನು ತಿರುಗಿಸಿ ನೋಡುವುದು, ಪಾಸ್ ಅಥವಾ ರಿಜೆಕ್ಟ್ ಅನ್ನುವುದು. ಆ ಚಾಳಿ ಬಿಟ್ಟಿಲ್ಲ.

ಇವತ್ತಿನ ತಿಂಡಿ, ಉಪ್ಪಿಲ್ಲದ ಉಪ್ಪಿಟ್ಟು. ರಿಜೆಕ್ಟ್.

ಏಪ್ರಿಲ್ 4, ಸೋಮವಾರ, ಯುಗಾದಿ

ಬೇವಿಗೆ ಡಾಕ್ಟರ ಅಡ್ಡಿಯಿಲ್ಲವಂತೆ, ಬೆಲ್ಲಕ್ಕೆ ಮಾತ್ರ ಉಂಟಂತೆ. ಹೀಗಾಗಿ ಈ ವರ್ಷ ನನಗೆ ಬರೀ ಬೇವು.

ಮಧ್ಯಾಹ್ನ ನಾನು ಸುಮ್ಮನೆ ಕೂತು ಫ್ಯಾನಿನ ತಪ್ಪು ಎಣಿಸುತ್ತಿದ್ದುದನ್ನು ನೋಡಿ ವಸಂತಮ್ಮ, ಅಂದರೆ ನನ್ನ ಹೆಂಡತಿ, ಬೀರುವಿನ ತಳದಿಂದ ತವರಿನ ಕವಡೆ ತೆಗೆದಳು. ಚೌಕಾಬಾರ! ಮನು ಹೋದ ವರ್ಷ ಹಾಕಿಸಿದ ಹೊಸ ಟೈಲ್ಸಿನ ಮೇಲೆ ಸೀಮೆಸುಣ್ಣ ಹಿಡಿಯಲಿಲ್ಲ. ಕೊನೆಗೆ ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅದರ ಮೇಲೆ ಮನೆ ಗೀಟಿದಳು. ನನಗೆ ಹುಣಸೆ ಬೀಜದ ಕಾಯಿ. ನನ್ನ ಎದುರಿಗೆ ಕೂತವಳು ಸೊಸೆ ಲಾವಣ್ಯ. ಅವಳಿಗೆ ಬಳೆ ಚೂರು.

ಈ ಹುಡುಗಿ ನಮ್ಮ ಮನೆಗೆ ಬಂದದ್ದು ಹೋದ ಕಾರ್ತಿಕದಲ್ಲಿ. ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಕೆಮಿಸ್ಟ್ರಿ ಓದಿದವಳು. ಮದುವೆಗೆ ಮುಂಚೆ ಯಾವುದೋ ಲ್ಯಾಬಿನಲ್ಲಿದ್ದಳು. ಎಷ್ಟು ಮೆತ್ತಗೆ ಮಾತಾಡುತ್ತಾಳೆ ಎಂದರೆ, ಮೊದಮೊದಲು ನನಗೇ ಕಿವಿ ಹೋಗಿದೆ ಅಂದುಕೊಂಡಿದ್ದೆ.

ನಿಯಮವನ್ನು ಬಿಡಿಸಿ ಹೇಳಿದೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕು, ಅಲ್ಲಿಂದ ನಡುಮನೆಗೆ. ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಆದರೆ ಮುಖ್ಯವಾದದ್ದು ಇದು: ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ. ಹೊಡೆಯದವನು ಹೊರಗೇ ಸುತ್ತುತ್ತಿರಬೇಕು.

"ಗೊತ್ತು ಮಾವ" ಅಂದಳು. ಗೊತ್ತಿದ್ದ ಹಾಗೆ ಕಾಣಲಿಲ್ಲ. ಆಟವಿಡೀ ಹೊರಗೇ ಸುತ್ತಿದಳು. ನಾನು ಗೆದ್ದೆ.

ಏಪ್ರಿಲ್ 9, ಶನಿವಾರ

ದಿನಾ ಗೆಲ್ಲುತ್ತಿದ್ದೇನೆ. ವಸಂತಮ್ಮನನ್ನು ಸೋಲಿಸಿದೆ, ಮನುವನ್ನು ಸೋಲಿಸಿದೆ, ಹುಡುಗಿಯನ್ನಂತೂ ಲೆಕ್ಕವಿಲ್ಲದಷ್ಟು ಸಲ ಸೋಲಿಸಿದೆ. ಸ್ಟೆಂಟ್ ಹಾಕಿದ ಮೇಲೆ ತಲೆಗೆ ರಕ್ತ ಚೆನ್ನಾಗಿ ಓಡುತ್ತಿರಬೇಕು. ಮುಂಚೆಯೇ ಹಾಕಿಸಿಕೊಂಡಿದ್ದರೆ ಪ್ರಮೋಷನ್ನಾದರೂ ಸಿಗುತ್ತಿತ್ತು.

ಹುಡುಗಿ ಒಳ್ಳೆಯವಳೇ. ಆದರೆ ಆಟದಲ್ಲಿ ದಡ್ಡಿ. ನನ್ನ ಕಾಯಿ ಮೂಗಿನ ಕೆಳಗಿದ್ದರೂ ಕಾಣುವುದಿಲ್ಲ. ಕೆಮಿಸ್ಟ್ರಿಯಲ್ಲಿ ಇದನ್ನೆಲ್ಲ ಹೇಳಿಕೊಡುವುದಿಲ್ಲ ಅಂತ ಕಾಣುತ್ತದೆ.

ಏಪ್ರಿಲ್ 14, ಗುರುವಾರ

ಇವತ್ತು ಆಟದ ನಡುವೆ ಹುಡುಗಿ ತಾನಾಗಿಯೇ ಬಾಯಿ ಬಿಟ್ಟಳು.

"ಮಾವ, ನನ್ನ ಒಬ್ಳು ಫ್ರೆಂಡ್ ಇದ್ದಾಳೆ. ಪೀಣ್ಯದಲ್ಲಿ ಒಂದು ಲ್ಯಾಬಿಂದ ಅವಳಿಗೆ ಕೆಲಸಕ್ಕೆ ಕರೆ ಬಂದಿದೆ. ಈ ತಿಂಗಳೊಳಗೆ ಹೇಳ್ಬೇಕಂತೆ. ಮದುವೆ ಆಗಿದೆ ಅವಳಿಗೆ. ಮನೇಲಿ ಏನಂತಾರೋ ಅಂತ ಭಯ."

ನಾನು ಕವಡೆ ಕೆಳಗಿಟ್ಟು ಅವಳಿಗೆ ಸಿದ್ದರಾಮಪ್ಪನ ಮನೆಯ ಕಥೆ ಹೇಳಿದೆ. ಅವನ ಸೊಸೆ ಕೆಲಸಕ್ಕೆ ಹೋಗುತ್ತಾಳೆ. ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಆ ಬಡಪಾಯಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಫ್ಲಾಸ್ಕ್ ಕಾಫಿ! ಬೆಳಿಗ್ಗೆ ಮಾಡಿಟ್ಟದ್ದು, ಕೆನೆಗಟ್ಟಿದ್ದು, ಮುಚ್ಚಳದ ವಾಸನೆಯದ್ದು. ಸಾಯುವವನ ಬಾಯಿಗೂ ಬಿಡಬಾರದು ಅದನ್ನು. "ಸೊಸೆ ಹೊಸ್ತಿಲು ದಾಟಿದ್ಲು ಅಂದ್ರೆ ಮನೆಗೆ ಫ್ಲಾಸ್ಕ್ ಬಂತು ಅಂತ್ಲೇ ತಿಳ್ಕೊ. ನಿನ್ನ ಫ್ರೆಂಡಿಗೆ ಹೇಳು" ಅಂದೆ.

"ಹೇಳ್ತೀನಿ ಮಾವ" ಎಂದು ಕವಡೆ ಎತ್ತಿಕೊಂಡಳು.

ಯಾರದೋ ಮನೆ ಹುಡುಗಿಗೆ ಒಳ್ಳೆಯ ಬುದ್ಧಿ ಹೇಳಿದ ಸಮಾಧಾನ. ಗೆದ್ದೆ ಕೂಡ.

ಏಪ್ರಿಲ್ 15, ಶುಕ್ರವಾರ

ಗೆದ್ದೆ. ಹಾಗಲಕಾಯಿ ಪಲ್ಯ. ರಿಜೆಕ್ಟ್.

ಏಪ್ರಿಲ್ 19, ಮಂಗಳವಾರ

ಮನೆಯಲ್ಲಿ ಏನೋ ನಡೆಯುತ್ತಿದೆ. ನಾನು ಹಾಲಿಗೆ ಬಂದರೆ ಮಾತು ನಿಲ್ಲುತ್ತದೆ. ಮನು ಮತ್ತು ಅವನ ಹೆಂಡತಿ ಮಹಡಿ ಮೇಲೆ ಪಿಸುಗುಟ್ಟುತ್ತಾರೆ. ಹೊಸದಾಗಿ ಮದುವೆಯಾದವರು ಪಿಸುಗುಟ್ಟಬಹುದು, ಸರಿ. ಆದರೆ ನಡುವೆ ವಸಂತಮ್ಮನೂ ಕೂತು ಪಿಸುಗುಟ್ಟಿದರೆ?

ಇವತ್ತು ಇನ್ನೂ ಭಯಂಕರವಾದದ್ದು ನಡೆಯಿತು. ಊಟಕ್ಕೆ ಕೂತಾಗ, ನಮ್ಮ ಮದುವೆಯ ದಿನ ಜೋರು ಮಳೆ ಬಂದಿತ್ತು ಎಂದೆ. ಬಂದಿರಲಿಲ್ಲ. ಸುಡುಬಿಸಿಲು, ಅವಳ ಸೋದರಮಾವ ತಲೆಸುತ್ತಿ ಬಿದ್ದಿದ್ದರು. ಬಾಯಿ ತಪ್ಪಿ ಬಂತು ಅಷ್ಟೆ. ನಾನು 'ಹಗಲು' ಎಂದರೆ ಅಡುಗೆಮನೆಯಿಂದಲೇ 'ರಾತ್ರಿ' ಅನ್ನುವ ಹೆಂಗಸು ವಸಂತಮ್ಮ. ಅವಳು ಸೌಟು ಹಿಡಿದುಕೊಂಡು, ಮೆಲ್ಲಗೆ, "ಊಂ ಕಣ್ರೀ, ನೀವೇಳಿದ್ದೇ ಸರಿ" ಅಂದಳು.



ಏಪ್ರಿಲ್ 22, ಶುಕ್ರವಾರ

ಇಷ್ಟು ವರ್ಷ ಇನ್‌ಸ್ಪೆಕ್ಷನ್ ಮಾಡಿದವನು ನಾನು. ಅನುಮಾನ ಬಂದ ಮಾಲನ್ನು ಪರೀಕ್ಷೆಗೆ ಒಡ್ಡಬೇಕು. ಒಡ್ಡಿದೆ.

ಸಂಜೆ ಆಟದಲ್ಲಿ ಬೇಕಂತಲೇ ನನ್ನ ಕಾಯನ್ನು ಹುಡುಗಿಯ ಕಾಯಿಯ ಎದುರಿಗೆ, ಎರಡು ಮನೆ ದೂರದಲ್ಲಿ ಇಟ್ಟೆ. ಅವಳಿಗೆ ಎರಡೇ ಬಿತ್ತು. ಕುರುಡನಿಗೂ ಕಾಣುವಂತಿತ್ತು. ಅವಳು ಮೂಲೆಯಲ್ಲಿದ್ದ ಬೇರೊಂದು ಬಳೆ ಚೂರನ್ನು ಎತ್ತಿ ನಡೆಸಿದಳು. ಆಮೇಲೆ ನನಗೆ ಮೂರು ಬಿದ್ದಾಗ ಧೈರ್ಯವಾಗಿ "ಚೌಕ!" ಎಂದು ಕೂಗಿ ನಾಲ್ಕು ಮನೆ ನಡೆಸಿದೆ. ಮೂರು ಜನ ನೋಡುತ್ತಿದ್ದರು. ಮನು "ಸೂಪರ್ ಅಪ್ಪಾ" ಅಂದ.

ಅಂದರೆ ಇಷ್ಟು ದಿನ ಗೆದ್ದದ್ದು ನಾನಲ್ಲ. ಇವರು ಗೆಲ್ಲಿಸಿದ್ದು. ಯಾಕೆ? ಕೂತು ಯೋಚಿಸಿದೆ. ಪಿಸುಮಾತು, ಎದುರಾಡದ ಹೆಂಡತಿ, ಸುಳ್ಳು ಚೌಕಕ್ಕೆ 'ಸೂಪರ್'. ಇಷ್ಟು ಗೌರವ ಸಿಗುವುದು ಸಾಯುವವರಿಗೆ ಮಾತ್ರ. ರಿಪೋರ್ಟಿನಲ್ಲಿ ಏನೋ ಇದೆ, ನನಗೆ ಹೇಳುತ್ತಿಲ್ಲ.

ಸಿದ್ದರಾಮಪ್ಪನಿಗೆ ಫೋನ್ ಮಾಡಿ, ನಿನಗೇನಾದರೂ ಗೊತ್ತೇ ಎಂದು ಕೇಳಿದೆ. "ನಿನಗೇನ್ ಆಯ್ತದೆ ಮಾರಾಯ? ಇನ್ನೂ ನಮ್ಮೆಲ್ರನ್ನೂ ಗೋಳುಯ್ಕೊಳ್ಳೋದು ಬಾಕಿ ಅದೆ" ಎಂದು ನಕ್ಕ. ಅವನಿಗೂ ಹೇಳಿಕೊಟ್ಟಿದ್ದಾರೆ.

ಹೆದರಿಕೆಯಾಗುತ್ತಿದೆ. ಮಾತ್ರೆಯ ಜೊತೆ ದೇವರ ಕುಂಕುಮವನ್ನೂ ಇಟ್ಟುಕೊಂಡೆ.

ಏಪ್ರಿಲ್ 24, ಭಾನುವಾರ

ಸಾಯುತ್ತಿಲ್ಲ. ಅದಕ್ಕಿಂತ ಕೆಟ್ಟದ್ದಾಗಿದೆ.

ಊಟದ ನಂತರ ನಾನು ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಹಿತ್ತಲಿನ ಕಡೆಯಿಂದ ಒಂದು ಕೂಗು ಕೇಳಿಸಿತು: "ಹೊಡ್ದೇ ಅತ್ತೇ!" ಯಾರ ದನಿ ಎಂದು ಗೊತ್ತಾಗಲಿಲ್ಲ. ಹಿಂಬದಿಯ ಬಾಡಿಗೆಯವರ ಮನೆಗೆ ನೆಂಟರು ಬಂದಿದ್ದಾರೇನೋ ಎಂದು ಕಿಟಕಿಯಿಂದ ಇಣುಕಿದೆ. ಒಗೆಯುವ ಕಲ್ಲಿನ ಪಕ್ಕದ ನೆರಳಿನಲ್ಲಿ ಅತ್ತೆ ಸೊಸೆ ಕೂತಿದ್ದಾರೆ. ನಡುವೆ ನನ್ನ ರಟ್ಟು. ಆ ಮೆತ್ತನೆ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕವಡೆಯನ್ನು ಕಿವಿಯ ಹತ್ತಿರ ಕುಲುಕಿ ಕುಲುಕಿ ಎಸೆಯುತ್ತಿದ್ದಾಳೆ. ವಸಂತಮ್ಮನ ಕಾಯಿ ಒಂದೂ ಉಳಿದಿಲ್ಲ.

"ಅಯ್ಯೋ ನಿನ್ ಕೈಗೆ ಮಣ್ಣಾಕ! ಇನ್ನೇನು ಅಣ್ಣಾಗ್ತಿತ್ತಲ್ಲೇ ಅದು!" ಎಂದು ವಸಂತಮ್ಮ ಅವಳ ತೊಡೆಗೆ ಹೊಡೆದಳು. ಇಬ್ಬರೂ ನಕ್ಕರು. ಆಮೇಲೆ ದನಿ ಇಳಿಯಿತು.

"ಅತ್ತೆ, ಬುಧವಾರ ಲ್ಯಾಬಿನವರಿಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡ್ತೀನಿ."

"ನಂಗೂ ಒಟ್ಟೆ ಉರೀತದೆ ಕಣವ್ವ. ಆದ್ರೆ ಅವ್ರ ಎದೆ ಇಂಗಿರೋವಾಗ ಎಂಗ್ ಏಳೋದು? ಆಟದಾಗೂ ಮಾವನ ಕಾಯಿ ಒಡೀಬ್ಯಾಡ ಅಂತ ಅದಕ್ಕೇ ಅಲ್ವಾ ಏಳಿದ್ದು. ಸೋತ್ರೆ ಬೀಪಿ ಏರ್ತದೆ."

"ಪರವಾಗಿಲ್ಲ ಬಿಡಿ ಅತ್ತೆ. ಇನ್ಯಾವತ್ತಾದ್ರೂ ಸಿಗುತ್ತೆ" ಅಂದಳು. ಕವಡೆಯನ್ನು ಸುಮ್ಮನೆ ಅಂಗೈಯಲ್ಲಿ ಹಿಡಿದುಕೊಂಡಿದ್ದಳು, ಎಸೆಯಲಿಲ್ಲ.

ಮಂಚಕ್ಕೆ ಬಂದು ಕೂತೆ. ಚಿಕ್ಕಂದಿನಲ್ಲಿ ನಾವು ಕುಂಟೆಬಿಲ್ಲೆ ಆಡುವಾಗ ಯಾರದೋ ಪುಟ್ಟ ತಮ್ಮ ಅಳುತ್ತಾ ಬಂದರೆ ಸೇರಿಸಿಕೊಳ್ಳುತ್ತಿದ್ದೆವು. ಅವನು ಔಟಾದರೂ ಔಟಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಮನೆಯಲ್ಲಿ ಈಗ ನಾನು ಆ ಪುಟ್ಟ ತಮ್ಮ. ಬಹಳ ಅವಮಾನವಾಯಿತು. ಅಳು ಬಂತು. ಬರೆಯುವುದಕ್ಕೆ ನಾಚಿಕೆಯೇನು, ಇದನ್ನು ಓದುವವರು ಯಾರಿದ್ದಾರೆ.

ಅವಳು ಕೂಗಿದ್ದು ಚೆನ್ನಾಗಿತ್ತು. ನನ್ನ ಎದುರಿಗೆ ಒಂದು ದಿನವೂ ಹಾಗೆ ಕೂಗಿಲ್ಲ.

ಏಪ್ರಿಲ್ 25, ಸೋಮವಾರ

ಯಾರೊಂದಿಗೂ ಮಾತಾಡಲಿಲ್ಲ. ಮುನಿಸು. ಯಾರಿಗೂ ಗೊತ್ತೇ ಆಗಲಿಲ್ಲ, ಹೊಸ ಮಾತ್ರೆಯಿಂದ ನನಗೆ ಒಳ್ಳೆಯ ವಿಶ್ರಾಂತಿ ಸಿಗುತ್ತಿದೆ ಎಂದು ಸಂತೋಷಪಟ್ಟರಂತೆ.

ಒಂದು ಸ್ಪಷ್ಟವಾಗಿರಲಿ. ಅವಳು ಕೆಲಸಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನನಗೆ ಹೇಳದೆಯೇ ಹೋಗದೆ ಇರುವುದು ಅದಕ್ಕಿಂತ ಒಪ್ಪಿಗೆಯಿಲ್ಲ. ಬೇಡ ಅನ್ನುವುದಾದರೆ ನಾನು ಅನ್ನಬೇಕು. ನನ್ನ ಎದೆ ಯಾಕೆ ನನ್ನ ಪರವಾಗಿ ಮಾತಾಡುತ್ತದೆ?

ಬುಧವಾರ ಫೋನ್ ಮಾಡುತ್ತಾಳಂತೆ. ನಡುವೆ ಉಳಿದಿರುವುದು ಮಂಗಳವಾರ.

ಏಪ್ರಿಲ್ 26, ಮಂಗಳವಾರ

ಸಂಜೆ ನಾನೇ ರಟ್ಟು ಹಾಸಿದೆ. ಸಂಜೆಯ ಮಾತ್ರೆಯನ್ನು ಬಿಡಿಸಿ ರಟ್ಟಿನ ಪಕ್ಕದಲ್ಲಿ, ನೀರಿನ ಲೋಟದ ಹತ್ತಿರ ಇಟ್ಟೆ. ಹುಡುಗಿ ಎದುರಿಗೆ ಬಂದು ಕೂತಳು.

"ನೋಡವ್ವ, ಇವತ್ತು ಹೊಸ ನಿಯಮ. ಹೊಡೆಯೋ ಹಾಗಿದ್ದಾಗ ನೀನು ಹೊಡೀಲಿಲ್ಲ ಅಂದ್ರೆ ನಾನು ಮಾತ್ರೆ ನುಂಗಲ್ಲ."

ಅವಳು ಅಡುಗೆಮನೆಯ ಕಡೆ ನೋಡಿದಳು.

"ಅಲ್ಲೇನ್ ನೋಡ್ತೀಯ? ಅತ್ತೆ ಆಡ್ತಿಲ್ಲ, ನಾನು ಆಡ್ತಿರೋದು. ಭಾನುವಾರ ಒಗೆಯೋ ಕಲ್ಲಿನ ಹತ್ರ ನೀನು ಆಡಿದ್ದನ್ನ ನೋಡಿದೀನಿ. ಎಲ್ಲಾ ಕೇಳಿದೀನಿ."

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. "ಮಾತು ಆಮೇಲೆ, ಮೊದಲು ಕವಡೆ ಹಾಕು" ಅಂದೆ.

ಮೊದಲ ಅವಕಾಶ ಬಂದಾಗ ಅವಳ ಕೈ ಬೇರೆ ಕಾಯಿಯ ಕಡೆ ಹೋಯಿತು. ನಾನು ಮಾತ್ರೆಯನ್ನು ಬೆರಳಿನಿಂದ ಒಂದಿಷ್ಟು ದೂರ ತಳ್ಳಿದೆ. ಅವಳು ಬೆಚ್ಚಿ, ಆ ಕೈಯನ್ನೇ ತಿರುಗಿಸಿ ನನ್ನ ಹುಣಸೆ ಬೀಜವನ್ನು ಎತ್ತಿ ಪಕ್ಕಕ್ಕಿಟ್ಟು "ಸಾರಿ ಮಾವ" ಅಂದಳು.

"ಸಾರಿ ಅಂದ್ರೆ ಹೊಡೆದದ್ದು ಲೆಕ್ಕಕ್ಕಿಲ್ಲ. ವಾಪಸ್ ಇಟ್ಟು ಇನ್ನೊಂದ್ಸಲ ಹೊಡಿ."

ಇಟ್ಟಳು. ಹೊಡೆದಳು. ಈ ಸಲ ಸಾರಿ ಇಲ್ಲ. ಮೊಟ್ಟಮೊದಲ ಬಾರಿಗೆ ಅವಳ ಬಳೆ ಚೂರು ಒಳಸುತ್ತಿಗೆ ಬಂತು. ಎರಡನೆಯದನ್ನು ಹೊಡೆದಾಗ ತುಟಿ ಕಚ್ಚಿ ನಗು ತಡೆದುಕೊಂಡಳು. ನಾನೂ ಬಿಡಲಿಲ್ಲ, ಅವಳ ಕಾಯಿಗಳನ್ನು ಹೊಡೆದೆ. ಮೂರು ಬಿದ್ದಾಗ ಚಾಳಿಯಂತೆ "ಚೌಕ" ಎಂದೆ. "ಮೂರು ಮಾವ" ಎಂದಳು. "ಚೌಕ." "ಮೂರು! ನನಗೆ ಎಣಿಸೋಕೆ ಬರುತ್ತೆ!" ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಕೊನೆಗೆ ನನ್ನದು ಒಂದು ಕಾಯಿ ಉಳಿದಿತ್ತು. ಒಂದು ಬಿದ್ದರೆ ಹಣ್ಣು, ಆಟ ಮುಗಿದು ನಾನು ಗೆದ್ದ ಹಾಗೆ. ಅವಳದು ಹಿಂದೆ ಮೂರು ಮನೆಯಾಚೆ. ಕವಡೆಯನ್ನು ಕಿವಿಯ ಹತ್ತಿರ ಕುಲುಕಿದಳು. ಮೂರು.

"ಹೊಡ್ದೇ!"

ಗೋಡೆಯ ಕ್ಯಾಲೆಂಡರ್ ಅಲ್ಲಾಡುವ ಹಾಗೆ ಕೂಗಿದಳು. ನಾನು ಅವಳಿಗಿಂತ ಜೋರಾಗಿ ಕೂಗಿದೆ, "ಅಯ್ಯೋ, ಇನ್ನೊಂದೇ ಮನೆ ಇತ್ತಲ್ಲೇ ತಾಯಿ!" ವಸಂತಮ್ಮ ಸೌಟಿನ ಸಮೇತ ಓಡಿ ಬಂದು "ಎದೆ ನೋವು ಬಂತೇನ್ರೀ?" ಅಂದಳು. "ಸುಮ್ನಿರೇ, ಹೊಡೆದದ್ದಕ್ಕೆ ಅವಳದು ಇನ್ನೊಂದು ಆಟ ಬಾಕಿ ಇದೆ" ಅಂದೆ.

ಹುಡುಗಿ ಕವಡೆ ಎತ್ತಿಕೊಂಡಳು, ಹಾಕಲಿಲ್ಲ.

"ಆ ಫ್ರೆಂಡ್ ನಾನೇ ಮಾವ."

"ಗೊತ್ತು."

"ನನಗೆ ಹೋಗ್ಬೇಕು. ಸೋಮವಾರದಿಂದ. ನೀವು ಬೇಡ ಅಂದ್ರೆ ಜಗಳ ಆಡ್ತೀನಿ, ಆದ್ರೆ ಸುಮ್ನಿರಲ್ಲ."

ಆಡು ಎಂದೆ. ಆಡಿದೆವು. ಬಸ್ಸಿನಲ್ಲಿ ನೂಕುನುಗ್ಗಲು ಅಂದೆ, ಕಂಪನಿ ವ್ಯಾನು ಮಾಕಳಿ ಗೇಟಿಗೇ ಬರುತ್ತದೆ ಅಂದಳು. ಊರಿನವರು ಏನಂದಾರು ಅಂದೆ, ಊರಿನ ಅರ್ಧ ಸೊಸೆಯಂದಿರು ಅದೇ ವ್ಯಾನಿನಲ್ಲಿದ್ದಾರೆ ಅಂದಳು. ಕೊನೆಗೆ ಫ್ಲಾಸ್ಕಿನ ಮಾತು ತೆಗೆದೆ. ಅಷ್ಟರಲ್ಲಿ ವಸಂತಮ್ಮ ಸೌಟು ಎತ್ತಿದಳು. "ಯಾಕ್ರೀ, ನಾನೇನ್ ಸತ್ತೋಗಿದೀನಾ? ನಿಮ್ಗೆ ಕಾಫಿ ಕಾಸ್ಕೊಡೋಕೆ ಎಂ.ಎಸ್ಸಿ ಓದಿರಬೇಕಾ?"

ನಾನು ಹುಡುಗಿಯ ಕಡೆ ತಿರುಗಿದೆ. "ಅಷ್ಟಕ್ಕೂ ಆ ಲ್ಯಾಬಲ್ಲಿ ನೀನು ಮಾಡೋದಾದ್ರೂ ಏನು?" ಎಂದು ಕೇಳಿದೆ.

"ಪೇಂಟ್ ಫ್ಯಾಕ್ಟರಿ ಮಾವ. ಬಂದ ಮಾಲನ್ನ ಟೆಸ್ಟ್ ಮಾಡಿ ಪಾಸೋ ರಿಜೆಕ್ಟೋ ಅಂತ ಬರೆಯೋದು."

"ಇನ್‌ಸ್ಪೆಕ್ಷನ್ನಾ?"

"ಹೂಂ."

"ಅದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತು?"

ಅವಳು ಕವಡೆ ಹಾಕಿದಳು. ಬಾರ ಬಿತ್ತು. ಆಮೇಲೆ ಏನಾಯಿತೆಂದು ಬರೆಯಲು ಇಷ್ಟವಿಲ್ಲ. ಸೋತೆ. ಮಾತ್ರೆ ನುಂಗಿದೆ.

"ಎದೆ ಹೇಗಿದೆ ಮಾವ?" ಎಂದು ಕೇಳಿದಳು.

"ಉರೀತಿದೆ, ಸೋತಿದ್ದಕ್ಕೆ" ಅಂದೆ.

ಊಟದಲ್ಲಿ ಹುರುಳಿಕಾಯಿ ಸಾರು, ಎಂದಿನಂತೆ ಉಪ್ಪು ಕಡಿಮೆ. ಎರಡು ಸಲ ಬಡಿಸಿಕೊಂಡೆನಂತೆ, ವಸಂತಮ್ಮ ಹೇಳುತ್ತಾಳೆ. ಅವಳ ಮಾತನ್ನು ನಂಬುವಂತಿಲ್ಲ. ನಮ್ಮ ಮದುವೆಯ ದಿನ ಮಳೆಯೇ ಬಂದಿರಲಿಲ್ಲ, ಒಟ್ಟೆಗೇನ್ ತಿಂದು ಅಂಗಂದ್ರಿ ಎಂದು ಈಗ ಜಗಳ ತೆಗೆದಿದ್ದಾಳೆ.

ಏಪ್ರಿಲ್ 29, ಶುಕ್ರವಾರ

ಸೋತೆ. ಮನುವೂ ನನ್ನನ್ನು ಸೋಲಿಸಿದ. ಅವನು ಮೋಸ ಮಾಡುತ್ತಾನೆ, ಯಾರಿಂದ ಕಲಿತನೋ.

ಮೇ 2, ಸೋಮವಾರ

ನಮ್ಮ ಲಾವಣ್ಯ ಕೆಲಸಕ್ಕೆ ಹೋದಳು. ಗೇಟಿನ ಹತ್ತಿರ ನಾನು ನಿಂತಿದ್ದದ್ದು ಪೇಪರ್ ಹುಡುಗನಿಗಾಗಿ. ವ್ಯಾನು ಬಂತು, ಅವಳು ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು. ಪೇಪರ್ ಆಗಲೇ ಬಂದು ಒಳಗೆ ಬಿದ್ದಿತ್ತು ಎಂದು ವಸಂತಮ್ಮ ಇಡೀ ಬೀದಿಗೆ ಕೇಳುವಂತೆ ಹೇಳಿದಳು.

ಹಗಲು ಉದ್ದವಾಗಿತ್ತು. ಹೆಂಡತಿಯ ಜೊತೆ ಒಂದು ಆಟ ಆಡಿದೆ, ಹಳೆಯ ಸಿಟ್ಟನ್ನೆಲ್ಲ ಸೇರಿಸಿ ಹೊಡೆದಳು. ನಡುವೆ ನಾಲ್ಕೈದು ಸಲ ಗೇಟಿನವರೆಗೆ ನಡೆದೆ, ಡಾಕ್ಟರು ನಡೆಯಿರಿ ಎಂದಿದ್ದಾರೆ.

ಸಂಜೆ ವ್ಯಾನು ಬಂತು. ಲಾವಣ್ಯ ಚಪ್ಪಲಿ ಬಿಡುವ ಮುಂಚೆಯೇ "ಇವತ್ತು ಎಷ್ಟು ರಿಜೆಕ್ಟ್ ಮಾಡಿದೆ?" ಎಂದು ಕೇಳಿದೆ.

"ಒಂದೇ ಮಾವ. ಅಲ್ಲಿನ ಕಾಫಿ. ಮಷೀನಿಂದ ಬರುತ್ತೆ, ಥೇಟ್ ಕಲಗಚ್ಚು."

ತುಂಬಾ ಬೇಜಾರಾಯಿತು. ಇನ್‌ಸ್ಪೆಕ್ಷನ್ ಮಾಡುವವರಿಗೆ ನಾಲಿಗೆ ಶುದ್ಧವಾಗಿರಬೇಕು. ಅಂಥ ಕಾಫಿ ಕುಡಿದು ಏನು ಪಾಸ್ ಮಾಡಿಯಾರು, ಏನು ರಿಜೆಕ್ಟ್ ಮಾಡಿಯಾರು?

ಆಟದಲ್ಲಿ ಇವತ್ತೂ ನನ್ನ ಕಾಯಿಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದಳು. ಆಮೇಲೆ ನಾನು ಅಟ್ಟದಿಂದ ಹಳೆಯ ಫ್ಲಾಸ್ಕ್ ಇಳಿಸಿಕೊಡು ಎಂದು ಮನುವಿಗೆ ಹೇಳಿದೆ. ಮೂವರೂ ನನ್ನ ಮುಖ ನೋಡಿದರು. ಅದರಲ್ಲಿ ನೋಡುವಂಥದ್ದು ಏನಿತ್ತೋ. ಫ್ಲಾಸ್ಕನ್ನು ಬಿಸಿನೀರಿನಲ್ಲಿ ತೊಳೆದು, ಮುಚ್ಚಳವನ್ನು ಹುಣಸೆ ಹುಳಿ ಹಾಕಿ ಉಜ್ಜಿ, ಮೂಸಿ ನೋಡಿದೆ. ವಾಸನೆ ಹೋಗಿದೆ. ಪಾಸ್.

ನಾಳೆ ಬೆಳಿಗ್ಗೆ ವ್ಯಾನು ಬರುವುದಕ್ಕೆ ಮುಂಚೆ ಎದ್ದು ಡಿಕಾಕ್ಷನ್ ಇಳಿಸಬೇಕು. ನನ್ನ ಕಾಯಿ ಹೊಡೆದವಳಿಗೆ ನಾನೇ ಕಾಫಿ ಮಾಡಿ ಕೊಟ್ಟು ಕಳಿಸಬೇಕಾಗಿ ಬಂದಿದೆ. ಎಂಥಾ ಕಾಲ ಬಂತಪ್ಪ.